ಕಪ್ಪು ಚೌಕಟ್ಟಿನ ಬಹುಮಾನ

ಮೇಸ್ತ್ರಿ ಒಂದು ದಿನ ರಜೆ ಕೇಳಿದರು. ಆದದ್ದು ಇಷ್ಟೇ.

ಸಂಬಳ ಹೆಚ್ಚಿಸಿ ಎಂದು ಕೇಳಿದ್ದರೆ ಫ್ರೇಮಿನಂಗಡಿಯ ಯಜಮಾನರು ಎಂದಿನಂತೆ "ನೋಡೋಣ" ಎಂದು ತಲೆ ಕೆರೆದುಕೊಂಡು, ಮನೆಗೆ ಹೋಗಿ ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿದ್ದರು. ಆ "ನೋಡೋಣ" ಹುಟ್ಟಿ ಈಗ ನಾಲ್ಕು ವರ್ಷವಾಗಿತ್ತು. ಆದರೆ ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಪ್ಪಿಸದ, ಜ್ವರ ಬಂದರೂ ಅಂಗಡಿಗೇ ಬಂದು ನಡುಗುತ್ತಿದ್ದ ಮನುಷ್ಯ, ಗುರುವಾರ ಸಂಜೆ ಕೌಂಟರಿನ ಮುಂದೆ ನಿಂತು, ಮುಖಕ್ಕೆ ಮುಖ ಕೊಡದೆ, "ನಾಳೆ ಬರೋದಕ್ಕೆ ಆಗಲ್ಲ ಯಜಮಾನ್ರೇ, ಸ್ವಲ್ಪ ಕೆಲಸ ಇದೆ" ಎಂದರೆ ಯಾರ ಎದೆ ತಾನೆ ಧಸಕ್ಕೆನ್ನುವುದಿಲ್ಲ?

"ಏನು ಕೆಲಸ ಮೇಸ್ತ್ರಿ?"

"ಹೀಗೇ, ಸ್ವಲ್ಪ ಕೆಲಸ."

ಮೇಸ್ತ್ರಿ ಅತ್ತ ಹೋದದ್ದೇ ತಡ, ಒಳಗಿನಿಂದ ಪಾಲಿಶ್ ಅಕ್ಕ ಕೈ ಒರೆಸಿಕೊಳ್ಳುತ್ತಾ ಬಂದಳು. ಚೌಕಟ್ಟುಗಳಿಗೆ ಪಾಲಿಶ್ ಹಚ್ಚುವುದು ಆಕೆಯ ಕೆಲಸ. ಬೀದಿಯ ಸುದ್ದಿಗಳಿಗೂ ಅಷ್ಟೇ ಮುತುವರ್ಜಿಯಿಂದ ಹೊಳಪು ಕೊಡುತ್ತಿದ್ದಳು.

"ನಾನು ಹೇಳ್ಬಾರ್ದು, ಆದ್ರೂ ಹೇಳ್ತೀನಿ. ಮೇನ್ ರೋಡಲ್ಲಿ ಹೊಸದಾಗಿ ದೊಡ್ಡ ಫ್ರೇಮ್ ಶೋರೂಮ್ ಆಗಿದೆಯಲ್ಲ, ಆ ಕಟ್ಟಡದ ಮೆಟ್ಟಿಲ ಹತ್ರ ಮೇಸ್ತ್ರಿನ ಎರಡು ಸಲ ಕಣ್ಣಾರೆ ನೋಡಿದೆ. ಮೊನ್ನೆ ಕೋಟು ಬೇರೆ ಇಸ್ತ್ರಿಗೆ ಕೊಟ್ಟಿದ್ರು. ಮನುಷ್ಯ ಕೋಟು ಯಾತಕ್ಕೆ ಹಾಕ್ಕೋತಾನೆ ಹೇಳಿ? ಒಂದೋ ಮದುವೆಗೆ, ಇಲ್ಲಾ ಇಂಟರ್‌ವ್ಯೂಗೆ. ಅವರ ಮದುವೆ ಅಂತೂ ಯಾವತ್ತೋ ಆಗಿಹೋಗಿದೆ."

ಯಜಮಾನರು ಆರ್ಡರು ಪುಸ್ತಕ ತೆರೆದರು. ಸೋಮವಾರದೊಳಗೆ ಒಂದು ಶಾಲೆಗೆ ಅರವತ್ತು ಫ್ರೇಮು ಕೊಡಬೇಕಿತ್ತು. ವರ್ಷದಲ್ಲಿ ಅಷ್ಟು ದೊಡ್ಡ ಆರ್ಡರು ಅದೊಂದೇ. ಚೌಕಟ್ಟು ಜೋಡಿಸಲು ಬಡಗಿ ಇದ್ದ, ಹೊಳಪಿಗೆ ಅಕ್ಕ ಇದ್ದಳು, ಆದರೆ ಅರವತ್ತು ಗಾಜು ಕೊಯ್ಯಲು ಮೇಸ್ತ್ರಿ ಬಿಟ್ಟರೆ ಇನ್ನೊಂದು ಕೈ ಇರಲಿಲ್ಲ. ಮೇಸ್ತ್ರಿ ಅಳತೆಪಟ್ಟಿ ಇಟ್ಟು ಒಂದು ಸಲ ಎಳೆದು, ಬೆರಳಿನಿಂದ ಟಕ್ಕೆಂದು ತಟ್ಟಿದರೆ, ಹೇಳಿದ ಮಾತು ಕೇಳುವ ಮಗುವಿನಂತೆ ಗಾಜು ಎರಡಾಗುತ್ತಿತ್ತು. ಯಜಮಾನರೂ ಒಮ್ಮೆ ಕೈ ಹಾಕಿ ನೋಡಿದ್ದರು. ಅವರು ಕೊಯ್ದ ಗಾಜು ಏಳು ಚೂರಾಗಿ, ಒಂದೊಂದೂ ಒಂದೊಂದು ದಿಕ್ಕಿಗೆ ಮುಖ ಮಾಡಿತ್ತು.

ಮನೆಯಲ್ಲಿ ಊಟಕ್ಕೆ ಕೂತಾಗ ಅವರ ಮುಖ ನೋಡಿಯೇ ಹೆಂಡತಿ ಕೇಳಿದರು, "ಏನಾಯ್ತು?" ಅಂದು ಊಟಕ್ಕೆ ಹೆಂಡತಿಯ ಅಣ್ಣನೂ ಬಂದಿದ್ದರು. ಈ ಭಾವ ಯಾವುದೋ ದೊಡ್ಡ ಕಂಪನಿಯಲ್ಲಿ ಮೇಲಧಿಕಾರಿ. ನೌಕರರನ್ನು ಹುರಿದುಂಬಿಸುವುದು ಹೇಗೆಂದು ವರ್ಷಕ್ಕೆರಡು ತರಬೇತಿ ಮುಗಿಸಿ, ಅದರ ಫೈಲು ಕಂಕುಳಲ್ಲಿಟ್ಟುಕೊಂಡು ಓಡಾಡುವವರು.

"ಸಂಬಳ ಜಾಸ್ತಿ ಮಾಡೋದಕ್ಕೆ ಆಗುತ್ತಾ?" ಭಾವ ಕೇಳಿದರು.

"ಮರದ ಪಟ್ಟಿ ರೇಟು ನೋಡಿದ್ದೀರಾ ಭಾವ? ಈ ವರ್ಷ ಅಂಗಡಿ ಸೂರಿನ ಶೀಟು ಬದಲಾಯಿಸೋದಕ್ಕೇ ಆಗಿಲ್ಲ. ನಾನು ಕೊಡೆ ಹಿಡ್ಕೊಂಡು ಕೌಂಟರಲ್ಲಿ ಕೂರ್ತೀನಿ."

"ಬೇಡ, ಬೇಡ! ದುಡ್ಡಿನ ಮಾತೇ ಬೇಡ. ಮನುಷ್ಯನಿಗೆ ಬೇಕಾಗಿರೋದು ಗೌರವ ಕಣ್ರೀ. ನೀನೊಬ್ಬ ಇದ್ದೀಯಪ್ಪಾ ಅಂತ ಯಾರಾದ್ರೂ ಗುರುತಿಸಬೇಕು. ನಮ್ಮ ಆಫೀಸಲ್ಲಿ ಪ್ರತಿ ತಿಂಗಳೂ ಒಬ್ಬರ ಫೋಟೋ ಹಾಕ್ತೀವಿ. ಉತ್ತಮ ಕೆಲಸಗಾರ ಅಂತ. ಒಬ್ಬರಿಗೆ ಮೂರು ವರ್ಷದಿಂದ ಸಂಬಳ ಏರಿಸಿಲ್ಲ, ನಾಲ್ಕು ಸಲ ಫೋಟೋ ಹಾಕಿದ್ದೀವಿ, ಇನ್ನೂ ಬಂದು ಕೂರ್ತಿದ್ದಾರೆ. ನಿಮ್ಮದಂತೂ ಫೋಟೋ ಫ್ರೇಮಿನ ಅಂಗಡಿ. ಖರ್ಚೇನಿದೆ ಹೇಳಿ?"

"ಬಾಯಿ ತೆರೆದು ಒಂದು ಒಳ್ಳೆ ಮಾತು ಹೇಳೋದಕ್ಕೆ ಫ್ರೇಮೂ ಬೇಡ," ಎಂದರು ಹೆಂಡತಿ, ಪಾತ್ರೆ ಎತ್ತುತ್ತಾ. ಆದರೆ ಅವರು ತರಬೇತಿ ಪಡೆದವರಲ್ಲವಾದ್ದರಿಂದ ಯಾರೂ ಕಿವಿಗೊಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಯಜಮಾನರು ಅಂಗಡಿಯ ಷಟರ್ ಎತ್ತಿದರು. ಪಕ್ಕದ ಬೀದಿಯ ಸ್ಟುಡಿಯೋದವನನ್ನು ನಿದ್ದೆಯಿಂದ ಎಬ್ಬಿಸಿ, ಹಳೆಯದೊಂದು ಗುಂಪು ಫೋಟೋದಿಂದ ಮೇಸ್ತ್ರಿಯ ಮುಖವನ್ನಷ್ಟೇ ದೊಡ್ಡದು ಮಾಡಿಸಿಕೊಂಡು ಬಂದಿದ್ದರು. ಬಣ್ಣದ್ದಕ್ಕಿಂತ ಕಪ್ಪುಬಿಳುಪಿನದು ಅಗ್ಗವೆಂದು ಕಪ್ಪುಬಿಳುಪೇ ಆಯಿತು. ಫೋಟೋ ತೆಗೆದ ದಿನ ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಮೇಸ್ತ್ರಿ ಅದರಲ್ಲಿ ಬಹಳ ದೂರದ ಎಲ್ಲಿಗೋ ನೋಡುತ್ತಿರುವವರಂತೆ ಕಾಣುತ್ತಿದ್ದರು.

ಇನ್ನು ಫ್ರೇಮು. ಹದಿನೆಂಟಕ್ಕೆ ಇಪ್ಪತ್ತನಾಲ್ಕು ಇಂಚಿನದೊಂದು ಅಟ್ಟದ ಮೇಲೆ ಉಳಿದಿತ್ತು. ನಾಲ್ಕು ಬೆರಳಗಲದ ಪಟ್ಟಿ, ಮಿರಮಿರ ಮಿಂಚುವ ಕಪ್ಪು. ಆರು ತಿಂಗಳ ಹಿಂದೆ ಒಬ್ಬರು ತಮ್ಮ ಚಿಕ್ಕಪ್ಪನಿಗೆಂದು ಅವಸರದಲ್ಲಿ ಮಾಡಿಸಿದ್ದರು. ಚಿಕ್ಕಪ್ಪ ಚೇತರಿಸಿಕೊಂಡದ್ದರಿಂದ ತೆಗೆದುಕೊಂಡು ಹೋಗಲೇ ಇಲ್ಲ. ಮೂವತ್ತು ವರ್ಷದಿಂದ ಸತ್ತವರ, ಬದುಕಿದ್ದವರ, ಮದುಮಕ್ಕಳ, ಬಹುಮಾನ ಗೆದ್ದ ನಾಯಿಗಳ ಚಿತ್ರಗಳಿಗೆ ಒಂದೇ ಸಮನೆ ಮೊಳೆ ಹೊಡೆಯುತ್ತಾ ಬಂದ ಯಜಮಾನರಿಗೆ ಫ್ರೇಮೆಂದರೆ ಅಳತೆ ಮಾತ್ರ. ಅಳತೆ ಸರಿಯಾಗಿ ಕೂತಿತು. ಅವರಿಗೆ ಬಹಳ ಖುಷಿಯಾಯಿತು.

ಬೀದಿಗೆ ಕಾಣುವಂತೆ ಮುಂದಿನ ಕಿಟಕಿಯಲ್ಲಿ ಫೋಟೋ ನಿಲ್ಲಿಸಿದರು. ಮುಖ ಚೆನ್ನಾಗಿ ಕಾಣಲೆಂದು ಕೆಳಗೊಂದು ಪುಟ್ಟ ದೀಪ ಹಚ್ಚಿದರು. 'ಈ ತಿಂಗಳ ಉತ್ತಮ ಕೆಲಸಗಾರ' ಎಂಬ ಹಲಗೆಯನ್ನು ಬೋರ್ಡು ಬರೆಯುವವನಿಗೆ ಹೇಳಿದ್ದರು, ಅವನು ಮಧ್ಯಾಹ್ನದ ಮೇಲೆ ತರುತ್ತೇನೆಂದಿದ್ದ. ಹಲಗೆಯಿಲ್ಲದೆ ಕಿಟಕಿ ಸ್ವಲ್ಪ ಬೋಳು ಎನಿಸಿತು. ಎಡಗಡೆಯ ಹೂವಿನಂಗಡಿಯಾಕೆ ಆಗಷ್ಟೇ ಬಕೆಟ್ಟುಗಳನ್ನು ಹೊರಗಿಡುತ್ತಿದ್ದಳು.

"ನಿನ್ನೆಯ ಹೂ ಏನಾದ್ರೂ ಉಳಿದಿದ್ರೆ ಕೊಡಮ್ಮ. ನಮ್ಮ ಮೇಸ್ತ್ರಿ ಫೋಟೋ ಮುಂದೆ ಇಡ್ಬೇಕು," ಎಂದರು ಯಜಮಾನರು. ಅಟ್ಟದ ಧೂಳಿಗೆ ಮೂಗು ಕಟ್ಟಿ, ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಆಕೆಯ ಕೈಯಲ್ಲಿದ್ದ ಬಕೆಟ್ಟು ಅಲ್ಲೇ ನಿಂತಿತು. ಬಿಳಿ ಹೂವಿನ ದೊಡ್ಡ ಗೊಂಚಲೊಂದನ್ನು ಕೊಟ್ಟಳು. ದುಡ್ಡು ಕೊಡಲು ಹೋದರೆ ಕೈ ಮುಗಿದು ಬೇಡವೆಂದಳು. ಈ ಬೀದಿಯಲ್ಲಿ ಇಷ್ಟು ಒಳ್ಳೆಯ ಮನಸ್ಸು ಇರುವುದು ತನಗೆ ಗೊತ್ತೇ ಇರಲಿಲ್ಲವಲ್ಲ ಎಂದುಕೊಂಡು ಯಜಮಾನರು ಹೂ ಇಟ್ಟರು.

ಅಷ್ಟರಲ್ಲಿ ಬಡಗಿ ಹಿಂಬಾಗಿಲಿನಿಂದ ಬಂದ. ಅವನೂ ಅವರೂ ಸೇರಿ, ಒಂದು ಕ್ಷೌರದಂಗಡಿಗೆ ಆಳೆತ್ತರದ ಕನ್ನಡಿಯೊಂದನ್ನು ಹೊತ್ತುಕೊಂಡು ಹೋಗಬೇಕಿತ್ತು. ಹಿಂಬಾಗಿಲಿನಿಂದಲೇ ಕನ್ನಡಿ ಎತ್ತಿದರು. ಫೋನು ಜೇಬಿನಲ್ಲಿದ್ದರೆ ಕನ್ನಡಿಗೆ ಗೀರು ಬಿದ್ದೀತೆಂದು ಯಜಮಾನರು ಅದನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ಕಿಟಕಿಯ ಸಂಗತಿ ಯಾರಿಗೂ ಹೇಳಲಿಲ್ಲ, ಬಡಗಿಗೂ ಹೇಳಲಿಲ್ಲ. ಮೇಸ್ತ್ರಿ ನಾಳೆ ಬಂದು ನೋಡಿ ಬೆಚ್ಚಿಬೀಳಲಿ ಎಂಬ ಆಸೆ.

ಕನ್ನಡಿ ಹೊತ್ತು ಬೀದಿಯಲ್ಲಿ ನಡೆಯುವುದು ಸುಲಭದ ಮಾತಲ್ಲ. ಎದುರಿಗೆ ಬಂದವರೆಲ್ಲ ನಿಂತು ತಲೆ ಬಾಚಿಕೊಂಡರು. ಒಬ್ಬ ಹಲ್ಲು ಪರೀಕ್ಷಿಸಿಕೊಂಡ. ಕ್ಷೌರದಂಗಡಿ ತಲುಪಿದರೆ ಬಾಗಿಲು ಕನ್ನಡಿಗಿಂತ ಎರಡು ಇಂಚು ಕಿರಿದು. ಬಡಗಿ ಬಾಗಿಲಿನ ಚೌಕಟ್ಟನ್ನೇ ಬಿಚ್ಚಿ, ಕನ್ನಡಿ ಒಳಗಿಟ್ಟು, ಮತ್ತೆ ಚೌಕಟ್ಟು ಕೂರಿಸುವಷ್ಟರಲ್ಲಿ ಹನ್ನೆರಡು ದಾಟಿತು.

ಇತ್ತ ಒಂಬತ್ತಕ್ಕೆ ಪಾಲಿಶ್ ಅಕ್ಕ ಅಂಗಡಿಗೆ ಬಂದಳು. ಕಿಟಕಿ ನೋಡಿದಳು. ಕಪ್ಪು ಚೌಕಟ್ಟು, ದೀಪ, ಬಿಳಿ ಹೂ. ಮೆಟ್ಟಿಲ ಮೇಲೆ ಕುಸಿದು ಕೂತಳು.

"ಬೆಳಿಗ್ಗೆ ನಿಮ್ಮ ಯಜಮಾನ್ರೇ ಬಂದು ಹೂ ತಗೊಂಡು ಹೋದ್ರು," ಎಂದಳು ಹೂವಿನಂಗಡಿಯಾಕೆ. "ಕಣ್ಣಲ್ಲಿ ಧಾರಾಕಾರ. ಮಾತೇ ಹೊರಡ್ತಿರಲಿಲ್ಲ."

ಅಕ್ಕ ಮೇಸ್ತ್ರಿಗೆ ಫೋನ್ ಹಚ್ಚಿದಳು. ಸ್ವಿಚ್ ಆಫ್. ಯಜಮಾನರಿಗೆ ಹಚ್ಚಿದಳು. ಡ್ರಾಯರಿನೊಳಗೆ ಏನೋ ಗುಂಯ್‌ಗುಟ್ಟಿತು. ಇನ್ನು ಅನುಮಾನವೆಲ್ಲಿ? ಬಲಗಡೆಯ ಅಂಗಡಿಯ ಟೈಲರ್ ಬಂದು, ನಿನ್ನೆ ರಾತ್ರಿ ಆಂಬುಲೆನ್ಸಿನ ಸದ್ದು ತನಗೆ ಕೇಳಿಸಿತ್ತೆಂದ. ಊರೆಂದ ಮೇಲೆ ದಿನಾ ರಾತ್ರಿ ಆಂಬುಲೆನ್ಸು ಓಡಾಡುತ್ತದೆ, ಆದರೆ ಆ ಹೊತ್ತಿನಲ್ಲಿ ಅದನ್ನು ಹೇಳುವವರು ಯಾರೂ ಇರಲಿಲ್ಲ. ಹತ್ತು ಗಂಟೆಗೆ ಸಾವಿಗೆ ಕಾರಣ ಗೊತ್ತಾಯಿತು. ಹನ್ನೊಂದಕ್ಕೆ ಕೊನೆಯ ಮಾತುಗಳೂ ಗೊತ್ತಾದವು. ಟೈಲರ್ ಉಳಿದ ಕಪ್ಪು ಬಟ್ಟೆಯಲ್ಲಿ ತೋಳಿಗೆ ಕಟ್ಟುವ ಪಟ್ಟಿ ಹೊಲಿದು ಎಲ್ಲರಿಗೂ ಹಂಚಿದ.

ಯಜಮಾನರು ಬಡಗಿಯೊಂದಿಗೆ ತಿರುವು ದಾಟಿ ಬಂದಾಗ ಅಂಗಡಿಯ ಷಟರ್ ಅರ್ಧ ಇಳಿದಿತ್ತು. ಮುಂದೆ ಮೂವತ್ತು ನಲವತ್ತು ಜನ ತಲೆ ತಗ್ಗಿಸಿ ನಿಂತಿದ್ದರು. ಅವರನ್ನು ಕಂಡದ್ದೇ ಟೈಲರ್ ಓಡಿಬಂದು ಬಿಗಿಯಾಗಿ ತಬ್ಬಿಕೊಂಡ.

"ಧೈರ್ಯ ತಗೊಳ್ಳಿ ಅಣ್ಣಾ," ಎಂದ.

ಧೈರ್ಯ ತಗೊಳ್ಳಿ ಎಂದು ಯಾರಾದರೂ ಹೇಳಿದರೆ ಇದ್ದ ಧೈರ್ಯವೂ ಹೋಗುತ್ತದೆ. ಹೂವಿನಂಗಡಿಯಾಕೆ ಸೆರಗು ಕಣ್ಣಿಗೊತ್ತಿಕೊಂಡಳು. ಪಾಲಿಶ್ ಅಕ್ಕ "ಅಯ್ಯೋ ಯಜಮಾನ್ರೇ" ಎಂದು ಗೊಳೋ ಎಂದಳು. ಯಾರೋ ಅವರ ತೋಳಿಗೆ ಕಪ್ಪು ಪಟ್ಟಿ ಕಟ್ಟಿದರು. ಯಾರು ಸತ್ತರೆಂದು ಕೇಳಲು ಯಜಮಾನರಿಗೆ ನಾಚಿಕೆಯಾಯಿತು. ಇಷ್ಟು ಜನ ತನಗಾಗಿ ಅಳುತ್ತಿರುವಾಗ ತನಗೇ ಗೊತ್ತಿಲ್ಲವೆಂದರೆ ಏನೆಂದುಕೊಂಡಾರು? ಅವರೂ ಅತ್ತರು. ಹೆಂಡತಿಯಿರಬಹುದೇ ಎಂಬ ಯೋಚನೆ ಬಂದೊಡನೆ ಇನ್ನೂ ಜೋರಾಗಿ ಅತ್ತರು.

ಒಂದಷ್ಟು ಹೊತ್ತು ಹೀಗೆ ಅತ್ತ ಮೇಲೆ, ಮೆಲ್ಲಗೆ, ಬಹಳ ಎಚ್ಚರದಿಂದ ಕೇಳಿದರು: "ಹೇಗಾಯ್ತು?"

"ಹೃದಯ ಅಂತೆ," ಎಂದ ಟೈಲರ್. "ನಿನ್ನೆ ರಾತ್ರಿ. ನರಳಲಿಲ್ವಂತೆ. ಪುಣ್ಯಾತ್ಮ, ಹನ್ನೊಂದು ವರ್ಷ ಒಂದು ರಜೆ ಹಾಕಿದವರಲ್ಲ. ಹಾಕಿದ್ದೇ ಹಾಕಿದ್ದು, ಹೀಗಾಗೋಯ್ತು."

"ಮೇಸ್ತ್ರೀನಾ?" ಯಜಮಾನರ ಧ್ವನಿ ಕೀರಲಾಯಿತು.

ಓದುವವರು ನಗಬಹುದು. ಫೋಟೋ ಇಟ್ಟವರು ಅವರೇ, ಹೂ ಇಟ್ಟವರು ಅವರೇ. ಒಂದು ಕ್ಷಣ ನಿಂತು ಯೋಚಿಸಿದ್ದರೆ ಎಲ್ಲವೂ ಬಿಡಿಸಿಕೊಳ್ಳುತ್ತಿತ್ತು. ಆದರೆ ಒಂದಿಡೀ ಬೀದಿ ಕಣ್ಣೀರು ಹಾಕುತ್ತಾ, ಕಾರಣ ಸಮೇತ, ಗಂಟೆ ಸಮೇತ ಹೇಳುವಾಗ ನಿಂತು ಯೋಚಿಸುವವರು ಯಾರಿದ್ದಾರೆ? ಯಜಮಾನರಿಗೆ ಹೊಳೆದದ್ದು ಒಂದೇ: ಅಯ್ಯೋ, ಮೆಚ್ಚುಗೆ ತೋರಿಸಬೇಕೆಂದು ತನಗೆ ಬುದ್ಧಿ ಬಂದ ರಾತ್ರಿಯೇ ಆ ಮನುಷ್ಯ ಹೊರಟುಹೋದನಲ್ಲ. ಒಂದು ದಿನ ಮುಂಚೆ ಫೋಟೋ ಇಟ್ಟಿದ್ದರೆ ನೋಡಿಕೊಂಡಾದರೂ ಹೋಗುತ್ತಿದ್ದ.

ಯಜಮಾನರು ಮೆಟ್ಟಿಲ ಮೇಲೆ ನಿಂತು ಷಟರ್ ಹಿಡಿದುಕೊಂಡರು. ಶೋರೂಮೂ ಮರೆತುಹೋಯಿತು, ಶಾಲೆಯ ಅರವತ್ತು ಫ್ರೇಮೂ ಮರೆತುಹೋಯಿತು. ಜೀವನದಲ್ಲಿ ನಾಲ್ಕು ಜನರ ಮುಂದೆ ನಿಂತು ಮಾತಾಡದ ಮನುಷ್ಯ, ಯಾರೂ ಕೇಳದೆಯೇ ಮಾತಾಡತೊಡಗಿದರು.

"ಎಲ್ಲರೂ ಕೇಳಿ. ಈ ಅಂಗಡಿ ನನ್ನದಲ್ಲ, ಮೇಸ್ತ್ರಿದು. ಬೋರ್ಡಲ್ಲಿ ಮಾತ್ರ ನನ್ನ ಹೆಸರಿದೆ. ನಾನು ಕೌಂಟರಲ್ಲಿ ಕೂತು ಗಿರಾಕಿಗಳ ಹತ್ರ ಹಲ್ಲು ಕಿರಿದೆ, ಕೆಲಸ ಮಾಡಿದ್ದು ಅವರು. ಅವರು ಕೆಲಸಕ್ಕೆ ಬಂದ ಮೊದಲನೇ ವರ್ಷ ಸಾಲದವರು ಬಂದು ಬಾಗಿಲಲ್ಲಿ ಕೂತಾಗ, ಎರಡು ತಿಂಗಳು ಸಂಬಳ ಬೇಡ ಅಂದ್ರು. ನಾನು ಥ್ಯಾಂಕ್ಸ್ ಅನ್ನಲಿಲ್ಲ. ಆಮೇಲೆ ಹೇಳಿದ್ರಾಯ್ತು ಅಂದ್ಕೊಂಡೆ. ಹನ್ನೊಂದು ವರ್ಷ ಆಮೇಲೆ, ಆಮೇಲೆ ಅಂತಲೇ ಕಳೆದೆ."

ಬಡಗಿ ಮುಖ ಆ ಕಡೆ ತಿರುಗಿಸಿಕೊಂಡ.

"ಅವರು ಈಗ ಒಂದೇ ಒಂದು ಸಲ ಎದ್ದು ಬಂದ್ರೆ," ಯಜಮಾನರು ಎದೆಗೆ ಕೈಯಿಟ್ಟರು, "ನಿಮ್ಮೆಲ್ಲರ ಎದುರಿಗೆ ಹೇಳ್ತಿದೀನಿ, ಅರ್ಧ ಅಂಗಡಿ ಅವರ ಹೆಸರಿಗೆ ಬರೆದುಕೊಡ್ತೀನಿ. ಪಾಲುದಾರರಾಗಿ ನನ್ನ ಪಕ್ಕದಲ್ಲೇ ಕೂರಿಸ್ಕೋತೀನಿ. ಸಾಯೋತನಕ ಈ ಅಂಗಡಿಯಿಂದ ಅವರನ್ನ ಕಳಿಸಲ್ಲ. ಏನು ಪ್ರಯೋಜನ? ಬರ್ತಾರಾ?"

ಗುಂಪಿನ ಹಿಂದುಗಡೆ ಯಾರೋ ಬಿಕ್ಕಿದರು. ಕೋಟು ಹಾಕಿಕೊಂಡು, ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡಿದ್ದ ಒಬ್ಬರು, ಆಗಷ್ಟೇ ಬಸ್ಸಿಳಿದು ಬಂದು ಮಾತಿನ ಕೊನೆಯನ್ನಷ್ಟೇ ಕೇಳಿದವರು, ಎಡಗೈಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಪಕ್ಕದಲ್ಲಿದ್ದ ಅಕ್ಕನನ್ನು ಮೆಲ್ಲಗೆ ಕೇಳಿದರು: "ಪಾಪ, ಎಷ್ಟು ಒಳ್ಳೆಯವರು. ಯಾರಮ್ಮ ಹೋಗಿದ್ದು?"

"ಮೇಸ್ತ್ರಿ ಕಣಪ್ಪಾ," ಎನ್ನುತ್ತಾ ಅಕ್ಕ ತಿರುಗಿದಳು. ತಿರುಗಿದವಳು ಕಿರುಚಿದ ರಭಸಕ್ಕೆ ಹೂವಿನಂಗಡಿಯ ಎರಡು ಬಕೆಟ್ಟು ಉರುಳಿದವು.

ಮುಂದಿನ ಐದು ನಿಮಿಷ ಏನಾಯಿತೆಂದು ಬೀದಿಯಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಮೂವರು ಓಡಿದರು, ಒಬ್ಬ ಮೂರ್ಛೆ ಹೋಗಲು ನೋಡಿ ಜಾಗ ಸಿಗದೆ ಬಿಟ್ಟ. ಯಜಮಾನರು ಮಾತ್ರ ನುಗ್ಗಿಬಂದು ಮೇಸ್ತ್ರಿಯ ಕೆನ್ನೆ, ಭುಜ, ಎದೆ ಎಲ್ಲ ಮುಟ್ಟಿ ಮುಟ್ಟಿ ನೋಡಿ, ಎಳೆಮಗುವಿನ ಹಾಗೆ ಅತ್ತರು. ಮೇಸ್ತ್ರಿಯ ಕಣ್ಣು ಕಿಟಕಿಯ ಮೇಲೆ ಬಿತ್ತು. ಕಪ್ಪು ಚೌಕಟ್ಟಿನೊಳಗೆ, ದೀಪದ ಬೆಳಕಿನಲ್ಲಿ, ತಾವೇ ತಮ್ಮನ್ನು ದಾಟಿ ದೂರ ನೋಡುತ್ತಿದ್ದರು.

"ಇದನ್ನ ಯಾರು ಇಟ್ಟಿದ್ದು?"

ಅದೇ ಹೊತ್ತಿಗೆ ಬೋರ್ಡು ಬರೆಯುವವನು ಸೈಕಲ್ಲಿನಿಂದಿಳಿದು, ಗುಂಪು ಸೀಳಿಕೊಂಡು ಬಂದು, ಇನ್ನೂ ಹಸಿಯಾಗಿದ್ದ ಹಲಗೆಯನ್ನು ಎತ್ತಿ ಹಿಡಿದ. 'ಈ ತಿಂಗಳ ಉತ್ತಮ ಕೆಲಸಗಾರ'. ಎಲ್ಲರೂ ಹಲಗೆ ನೋಡಿದರು, ಫೋಟೋ ನೋಡಿದರು, ಆಮೇಲೆ ಯಜಮಾನರನ್ನು ನೋಡಿದರು.

"ಬಹುಮಾನ," ಎಂದರು ಅವರು. "ಖರ್ಚಿಲ್ಲದ್ದು."

ಮೊದಲು ನಕ್ಕವರು ಮೇಸ್ತ್ರಿ. ಆಮೇಲೆ ಬೀದಿಗೆ ಬೀದಿಯೇ ನಕ್ಕಿತು. ಹೂವಿನಂಗಡಿಯಾಕೆ ಮಾತ್ರ ಸಿಡುಕಿದಳು: "ನಾಚಿಕೆ ಆಗಲ್ವಾ ನಿಮಗೆ, ಒಳ್ಳೇ ಹೂ ಕೊಟ್ಟಿದ್ದೆ ನಾನು! ನಿನ್ನೇದು ಅಲ್ಲ, ಇವತ್ತಿನದು!" ಹಾಗೆಂದವಳೇ ಉರುಳಿದ ಬಕೆಟ್ಟಿನಿಂದ ಇನ್ನೊಂದು ಹಿಡಿ ಹೂ ತೆಗೆದು ಮೇಸ್ತ್ರಿಯ ಕೋಟಿನ ಜೇಬಿಗೆ ತುರುಕಿದಳು.

ನಗು ಇಳಿಯುವುದನ್ನೇ ಕಾಯುತ್ತಿದ್ದ ಟೈಲರ್ ಗಂಟಲು ಸರಿಮಾಡಿಕೊಂಡ. ಬೇರೆಯವರ ವ್ಯವಹಾರವೆಂದರೆ ಅವನಿಗೆ ಜೀವ.

"ಅದೆಲ್ಲಾ ಸರಿ ಅಣ್ಣಾ. ಎದ್ದು ಬಂದ್ರೆ ಅರ್ಧ ಅಂಗಡಿ ಅಂದ್ರಿ. ಎದ್ದು ಬಂದಿದ್ದಾರೆ."

"ಹೌದು, ಹೌದು, ನಾವೆಲ್ಲ ಕೇಳಿಸ್ಕೊಂಡಿದ್ದೀವಿ," ಎಂದಿತು ಗುಂಪು.

ಯಜಮಾನರಿಗೆ ನುಂಗಲಾರದ ತುತ್ತಾಯಿತು. ಆದರೆ ಅವರ ತಲೆ ಬೇಗಬೇಗ ಓಡಿತು. ಅರ್ಧ ಅಂಗಡಿ ಎಂದರೆ ಎಷ್ಟು? ಸೋರುವ ಸೂರಿನಲ್ಲಿ ಅರ್ಧ, ಬೆಲೆಯೇರಿದ ಮರದಲ್ಲಿ ಅರ್ಧ. ಬದಲಿಗೆ ಸಿಗುವುದೇನು? ಸಾಯೋತನಕ ಬಿಟ್ಟುಹೋಗದ, ಗಾಜು ಕೊಯ್ಯುವ ಕೈ. ಶೋರೂಮಿನವರು ಬಂಗಾರ ಸುರಿದರೂ ತನ್ನದೇ ಅಂಗಡಿ ಬಿಟ್ಟು ಯಾರು ಹೋಗುತ್ತಾರೆ? ಭಾವನ ಫೈಲಿನಲ್ಲೂ ಇಂಥದೊಂದು ಉಪಾಯ ಇದ್ದಿರಲಾರದು. ಅವರ ಮುಖ ಅರಳಿತು.

"ಕೊಟ್ಟೆ," ಎಂದರು. ಮೇಸ್ತ್ರಿಯ ಎಡಗೈ ಹಿಡಿದು ಎಲ್ಲರಿಗೂ ಕಾಣುವಂತೆ ಮೇಲೆತ್ತಿದರು. ಬೀದಿ ಚಪ್ಪಾಳೆ ತಟ್ಟಿತು. ಬಡಗಿ ಷಟರನ್ನು ಪೂರ್ತಿ ಮೇಲೆತ್ತಿದ.

ಜನ ಚದುರಿದ ಮೇಲೆ ಅಂಗಡಿಯೊಳಗೆ ನಾಲ್ಕೇ ಜನ ಉಳಿದರು. ಯಜಮಾನರು ಹುಮ್ಮಸ್ಸಿನಿಂದ ಗಾಜಿನ ಮೇಜಿನ ಮೇಲೆ ಹಾಸಿದ್ದ ಬಟ್ಟೆ ಸರಿಸಿ, ಕಟ್ಟರ್ ಎತ್ತಿಕೊಟ್ಟರು.

"ಬನ್ನಿ ಪಾಲುದಾರರೇ. ಶಾಲೆಯದು ಅರವತ್ತು. ಇವತ್ತು ಇಪ್ಪತ್ತಾದ್ರೂ ಕೊಯ್ದುಬಿಡೋಣ."

ಮೇಸ್ತ್ರಿ ಕಟ್ಟರ್ ತೆಗೆದುಕೊಳ್ಳಲಿಲ್ಲ. ನಿಧಾನವಾಗಿ ಬಲಗೈಯನ್ನು ಕೋಟಿನ ಜೇಬಿನಿಂದ ಹೊರತೆಗೆದರು. ಮೊಣಕೈಯಿಂದ ಬೆರಳಿನ ಬುಡದವರೆಗೆ ಗಟ್ಟಿ ಪಟ್ಟಿ ಸುತ್ತಿತ್ತು.

"ಆ ಶೋರೂಮಿನ ಮೇಲ್ಗಡೆ ಮೂಳೆ ಡಾಕ್ಟ್ರ ಕ್ಲಿನಿಕ್ ಇದೆ," ಎಂದರು. "ಮೂರು ತಿಂಗಳಿಂದ ಮಣಿಕಟ್ಟು ನೋವು. ಎರಡು ಸಲ ಮೆಟ್ಟಿಲ ತನಕ ಹೋಗಿ, ಏನು ಹೇಳ್ತಾರೋ ಅಂತ ಹೆದರಿಕೊಂಡು ವಾಪಸ್ ಬಂದೆ. ಇವತ್ತು ದೊಡ್ಡ ಡಾಕ್ಟ್ರ ಹತ್ರ ಅಂತ ಕೋಟು ಹಾಕ್ಕೊಂಡು, ಧೈರ್ಯ ಮಾಡಿ ಒಳಗೆ ಹೋದೆ. ಅಲ್ಲಿ ಫೋನ್ ಆಫ್ ಮಾಡಿ ಅಂದ್ರು, ಆಮೇಲೆ ಹಾಕೋದೇ ಮರೆತೋಯ್ತು." ಪಟ್ಟಿಯನ್ನು ಎಡಗೈಯಿಂದ ಮುಟ್ಟಿಕೊಂಡರು. "ನರ ಸವೆದಿದೆಯಂತೆ. ಇನ್ನು ಮೇಲೆ ಗಾಜು ಕೊಯ್ಯೋ ಹಾಗಿಲ್ಲ ಅಂದ್ರು. ಯಾವತ್ತೂ."

ಪಾಲಿಶ್ ಅಕ್ಕ ತಪ್ಪು ಮಾಡಿದವಳಂತೆ ತನ್ನ ಕುಂಚವನ್ನೇ ನೋಡತೊಡಗಿದಳು.

"ನಾಳೆ ಬಂದು ಹೇಳಿ ಹೋಗೋಣ ಅಂದ್ಕೊಂಡಿದ್ದೆ. ಕೈಯಿಲ್ಲದ ಮೇಸ್ತ್ರಿನ ಯಾರು ಇಟ್ಕೋತಾರೆ? ಬಸ್ಸಲ್ಲಿ ಬರ್ತಾ ಅದೇ ಯೋಚನೆ. ಮನೆಗೆ ಹೋಗೋಕೆ ಅಂತ ಇಲ್ಲೇ ಇಳಿದೆ, ನೋಡಿದ್ರೆ ನಿಮ್ಮ ಭಾಷಣ." ಮೇಸ್ತ್ರಿ ತಲೆ ತಗ್ಗಿಸಿದರು. "ಗೊತ್ತಿಲ್ದೆ ಕೊಟ್ಟ ಮಾತು ಯಜಮಾನ್ರೇ. ವಾಪಸ್ ತಗೊಳ್ಳಿ. ಯಾರಿಗೂ ಹೇಳಲ್ಲ."

ಯಜಮಾನರ ಕೈಯಲ್ಲಿ ಕಟ್ಟರ್ ಹಾಗೆಯೇ ಇತ್ತು. ಕೈಯೊಂದನ್ನು ಉಳಿಸಿಕೊಳ್ಳಲು ಹೋಗಿ, ಆ ಕೈಯನ್ನು ಬಿಟ್ಟು ಉಳಿದ ಮನುಷ್ಯನನ್ನೆಲ್ಲ ಉಳಿಸಿಕೊಂಡಿದ್ದರು, ಅದೂ ಅರ್ಧ ಅಂಗಡಿ ಕೊಟ್ಟು. ವಾಪಸ್ ತೆಗೆದುಕೊಳ್ಳುವ ಯೋಚನೆ ಅವರಿಗೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಬಂತು. ಬಂದು, ಗಂಟೆಯ ಹಿಂದೆ ಷಟರ್ ಹಿಡಿದು ನಿಂತಾಗ ಎದೆಯಲ್ಲಾದ ಆ ಸಂಕಟ ನೆನಪಾಗಿ, ಬಂದ ದಾರಿಯಲ್ಲೇ ಹೋಯಿತು.

"ಸುಮ್ನಿರಿ ಮೇಸ್ತ್ರಿ," ಎಂದು ರೇಗಿದರು. "ನೀವು ಹೋದ್ರಿ ಅಂದಾಗ ನಾನು ಅತ್ತಿದ್ದು ಗಾಜಿಗಲ್ಲ. ಗೊತ್ತಾಯ್ತಾ? ಹೋಗಿ, ಕೌಂಟರಲ್ಲಿ ಕೂತ್ಕೊಳ್ಳಿ."

ಮೇಸ್ತ್ರಿ ಹೋಗಿ ಕೌಂಟರಿನಲ್ಲಿ ಕೂತರು. ಮೊದಲು ತುದಿಯಲ್ಲಿ, ಆಮೇಲೆ ಸರಿಯಾಗಿ. ಅಲ್ಲಿಂದ ಅಂಗಡಿಯನ್ನು ಒಮ್ಮೆ ನೋಡಿದರು. ಮುಖದಲ್ಲಿ ಏನೋ ಬದಲಾಯಿತು.

"ಹೊಸ ಮೇಸ್ತ್ರಿನ ಇಟ್ಕೊಳ್ಳೋದಕ್ಕೆ ನಮ್ಮ ಹತ್ರ ದುಡ್ಡಿಲ್ಲ," ಎಂದರು ಯೋಚಿಸುತ್ತಾ. ಆ 'ನಮ್ಮ' ಎಂಬುದು ಯಜಮಾನರಿಗೆ ಚುರ್ರೆಂದಿತು, ಹಿತವಾಗಿಯೂ ಇತ್ತು. "ಬಡಗಿಗೆ ಅರವತ್ತು ಚೌಕಟ್ಟಿನ ಕೆಲಸ ಇದೆ. ಅಕ್ಕನಿಗೆ ಪಾಲಿಶ್ ಇದೆ. ಕೈ ಖಾಲಿ ಇರೋರು ಯಾರು?"

ಬಡಗಿ ಉಳಿಯ ಕಡೆ ನೋಡಿದ. ಅಕ್ಕ ಡಬ್ಬಿಯ ಕಡೆ ನೋಡಿದಳು. ಖಾಲಿ ಕೈಯಲ್ಲಿ ಕಟ್ಟರ್ ಹಿಡಿದು ಮೇಜಿನ ಮುಂದೆ ನಿಂತಿದ್ದವರು ಅಂಗಡಿಯಲ್ಲಿ ಒಬ್ಬರೇ.

"ನನ್ನ ಕೈಲಾಗಲ್ಲ ಮೇಸ್ತ್ರಿ! ಏಳು ಚೂರು ಮಾಡಿದ್ದೆ, ಜ್ಞಾಪಕ ಇಲ್ವಾ?"

"ಅವತ್ತು ಹೇಳಿಕೊಡೋರು ಯಾರೂ ಇರಲಿಲ್ಲ. ಕಟ್ಟರ್ ನೆಟ್ಟಗೆ ಹಿ‍ಡೀರಿ. ಒತ್ತಬೇಡಿ. ಒಂದೇ ಸಲ ಎಳೀಬೇಕು, ಮಧ್ಯದಲ್ಲಿ ಯೋಚನೆ ಮಾಡ್ಬಾರ್ದು. ಹ್ಞಾಂ."

ಮೊದಲನೆಯ ಗಾಜು ಐದು ಚೂರಾಯಿತು. "ಪರವಾಗಿಲ್ಲ, ಎರಡು ಕಮ್ಮಿ ಆಯ್ತಲ್ಲ," ಎಂದರು ಮೇಸ್ತ್ರಿ. ಎರಡನೆಯದರ ಮೂಲೆ ಹಾರಿತು. ಮೂರನೆಯದಕ್ಕೆ ಮೇಸ್ತ್ರಿ ಎದ್ದು ಬಂದು, ಯಜಮಾನರ ಮೊಣಕೈಯನ್ನು ತಮ್ಮ ಎಡಗೈಯಿಂದ ಸ್ವಲ್ಪ ಮೇಲೆತ್ತಿ ನಿಲ್ಲಿಸಿದರು. ಯಜಮಾನರು ಉಸಿರು ಬಿಗಿಹಿಡಿದು ಎಳೆದು, ಕಣ್ಣು ಮುಚ್ಚಿ ಬೆರಳಿನಿಂದ ತಟ್ಟಿದರು. ಕಣ್ಣು ತೆರೆದಾಗ ಮೇಜಿನ ಮೇಲೆ ಎರಡೇ ತುಂಡು ಇದ್ದವು.

"ಭೇಷ್!" ಎಂದರು ಮೇಸ್ತ್ರಿ. "ನೋಡ್ರಪ್ಪಾ ಎಲ್ರೂ! ಮೂರನೇದಕ್ಕೇ! ನನಗೆ ಇದು ಬರೋದಕ್ಕೆ ಎಂಟು ದಿನ ಹಿಡಿದಿತ್ತು."

ಬಡಗಿ ಸೀಟಿ ಹೊಡೆದ. ಅಕ್ಕ ಬೇರೆ ಅಂಗಡಿಗಳಿಗೆ ಸುದ್ದಿ ಮುಟ್ಟಿಸಲು ಓಡಿದಳು. ಯಜಮಾನರ ಕಿವಿ ಕೆಂಪಾಯಿತು. ಮೂವತ್ತು ವರ್ಷ ಅಂಗಡಿ ನಡೆಸಿದರೂ ಯಾರೂ ಅವರಿಗೆ ಭೇಷ್ ಎಂದಿರಲಿಲ್ಲ. ಯಾರೂ ಹೇಳದೆಯೇ ನಾಲ್ಕನೆಯ ಗಾಜು ಎಳೆದುಕೊಂಡರು. ಊಟ ಮಾಡಿಲ್ಲವೆಂಬುದು ನೆನಪಾದದ್ದು ಸಂಜೆ ಐದಕ್ಕೆ.

ದೀಪ ಹಚ್ಚುವ ಹೊತ್ತಿಗೆ ಒಂಬತ್ತು ಒಳ್ಳೆಯ ಗಾಜು ಗೋಡೆಗೊರಗಿ ನಿಂತಿದ್ದವು. ಬೆರಳಿಗೆ ಮೂರು ಕಡೆ ಪಟ್ಟಿ ಅಂಟಿಸಿಕೊಂಡಿದ್ದ ಯಜಮಾನರು ಮೇಜು ಗುಡಿಸಿ, ಚೂರುಗಳನ್ನು ಡಬ್ಬಿಗೆ ಹಾಕಿ, ಕೈ ತೊಳೆದುಕೊಂಡು, ಕೌಂಟರಿನ ಮುಂದೆ ಬಂದು ನಿಂತರು.

"ಹೊರಡ್ಲಾ ಮೇಸ್ತ್ರಿ? ಮನೇಲಿ ಕಾಯ್ತಿರ್ತಾರೆ."

ಮೇಸ್ತ್ರಿ ಆರ್ಡರು ಪುಸ್ತಕದಿಂದ ತಲೆಯೆತ್ತಿದರು. "ಇನ್ನೂ ಐವತ್ತೊಂದು ಬಾಕಿ ಇದೆ. ಸೋಮವಾರಕ್ಕೆ ಆಗ್ಬೇಕು ಅಂದ್ರೆ ನಾಳೆ ಏಳಕ್ಕೇ ಬಂದ್ಬಿಡಿ. ಭಾನುವಾರಾನೂ ಬರ್ಬೇಕಾಗುತ್ತೆ."

"ಆಗಲಿ," ಎಂದು ಯಜಮಾನರು ಹೊರಟರು.